ಎದುರಿಗೆ ಕರೆದ ಹಾಲು

ತಿಮ್ಮೇಶ ಬರೆದುಕೊಟ್ಟ ಊರಿನಲ್ಲಿ ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಸುಧಳಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ಕೃಷ್ಣರಾಜಪೇಟೆಯ ಡಿಗ್ರಿ ಕಾಲೇಜೊಂದರಲ್ಲಿ ಅವಳು ಕನ್ನಡದ ಮೇಡಂ. ನಿಮ್ಮೂರಿನ ಬಗ್ಗೆ ಬರೆದು ತನ್ನಿ, ಇಂಟರ್ನಲ್ಸ್ ಅಂಕ ಇದರ ಮೇಲೇ ಎಂದು ಮಕ್ಕಳಿಗೆ ಹೇಳಿದ್ದಳು. ತಿಮ್ಮೇಶನದು ಹೇಮಗಿರಿ ಪಕ್ಕದ ಹಳ್ಳಿ. ಅವನ ಹಾಳೆಯಲ್ಲಿ ಆ ಊರು ಪ್ರಕೃತಿಯ ಮಡಿಲಲ್ಲಿ ಮಲಗಿತ್ತು, ಹೊಳೆ ಜುಳುಜುಳು ಹರಿಯುತ್ತಿತ್ತು, ಜನ ಸೌಹಾರ್ದದಿಂದ ಬಾಳುತ್ತಿದ್ದರು. ಹುಡುಕಿದರೂ ಒಂದು ಅಕ್ಷರ ತಪ್ಪಿಲ್ಲ. ಅಯ್ಯೋ ರಾಮ, ಆ ಕಡೆಯವರ ಸೌಹಾರ್ದ ಸುಧಳಿಗೆ ಗೊತ್ತಿಲ್ಲವೇ? ನಾಲೆಗೆ ನೀರು ಬಿಟ್ಟ ದಿನ ಅಣ್ಣತಮ್ಮಂದಿರ ಜಗಳ ಆಚೆ ದಡಕ್ಕೂ ಕೇಳಿಸುತ್ತದೆ.

ಸ್ಟಾಫ್ ರೂಮಿನಲ್ಲಿ ಅರ್ಥಶಾಸ್ತ್ರದ ಅಶೋಕ್ ಒಂದೇ ಪ್ಯಾರಾ ಓದಿ ಹಾಳೆ ಕೆಳಗಿಟ್ಟ. ಇದು ಮೊಬೈಲಿನ ಎಐ ಬರೆದದ್ದು, ನೇರ ಪ್ರಿನ್ಸಿಪಾಲರಿಗೆ ಕೊಡಿ, ಒಂದು ವರ್ಷ ಹೋದರೆ ಬುದ್ಧಿ ಬರುತ್ತದೆ ಎಂದ. ನಿದ್ದೆಗೆಟ್ಟು ಸ್ವಂತ ಬರೆದ ಮೇಘನಳಂಥವರಿಗೆ ನೀವು ಏನು ಉತ್ತರ ಹೇಳುತ್ತೀರಿ ಎಂದೂ ಕೇಳಿದ. ಆ ಮಾತು ಸುಧಳಿಗೆ ನಾಟಿತು. ಆದರೆ ತಿಮ್ಮೇಶನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ವರ್ಷ ಹೋದರೆ ಅವನು ಕೊಟ್ಟಿಗೆಗೆ ಹೋಗುತ್ತಾನೆಯೇ ಹೊರತು ಕಾಲೇಜಿಗೆ ಮರಳುವುದಿಲ್ಲ. ಕರೆಸಿ ಕೇಳಿದರೆ ಹುಡುಗ ನೆಲ ನೋಡಿಕೊಂಡು, ತಾನೇ ಬರೆದದ್ದು ಎಂದು ಸಾಧಿಸಿದ.

ಸುಧಳಿಗೆ ಅಪ್ಪ ನೆನಪಾದರು. ಮರಿಯಯ್ಯ ಊರಿನ ಹಾಲಿನ ಡೈರಿಗೆ ಬಹಳ ಕಾಲ ಸೆಕ್ರೆಟರಿ ಆಗಿದ್ದವರು. ಯಾರದಾದರೂ ಹಾಲು ತೆಳ್ಳಗೆ ಬಂದರೆ ಸಾಲಿನಲ್ಲಿ ನಿಂತವರ ಮುಂದೆ ಕಳ್ಳ ಅನ್ನುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಆ ಮನೆಯ ಕೊಟ್ಟಿಗೆಗೇ ಹೋಗಿ ಕೂತು, ತಮ್ಮ ಎದುರಿಗೆ ಹಸು ಕರೆಸುತ್ತಿದ್ದರು. ಆಗಲೂ ಹಾಲು ತೆಳ್ಳಗಿದ್ದರೆ ಮನೆಯವರದು ತಪ್ಪಿಲ್ಲ, ಮೇವು ನೋಡಬೇಕು. ಗಟ್ಟಿ ಬಂತೋ, ನೀರು ಬೆರೆಸಿದ್ದು ಯಾರೆಂದು ಬಾಯಿಬಿಟ್ಟು ಹೇಳುವುದೇ ಬೇಡ. ಹಿಂದಿನ ದಿನದ ಹಾಲು ಲೆಕ್ಕಕ್ಕಿಲ್ಲ, ಇವತ್ತಿನದು ಕ್ಯಾನಿಗೆ. ಅಷ್ಟೇ ಅವರ ಕಾನೂನು.

"ಮೊಬೈಲು ಈ ಮೇಜಿನ ಮೇಲಿಡು," ಅಂದಳು ಸುಧ. "ಇಲ್ಲೇ ಕೂತ್ಕೊಂಡು ನಿಮ್ಮೂರಿನ ಬಗ್ಗೆ ಇನ್ನೊಂದ್ಸಲ ಬರಿ."

ತಿಮ್ಮೇಶ ಹಾಳೆ ಎಳೆದುಕೊಂಡ. ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಅಶೋಕ್ ಕೈಕಟ್ಟಿಕೊಂಡು, ನೋಡಿದಿರಾ ಎಂಬಂತೆ ಸುಧಳ ಕಡೆ ನೋಡಿದ. ಕೊನೆಗೆ ಹುಡುಗ ತಲೆ ಎತ್ತಿ, ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಬಹುದಾ ಎಂದು ಸಣ್ಣ ದನಿಯಲ್ಲಿ ಕೇಳಿದ. ಬರಿ ಎಂದಳು. ಆಮೇಲೆ ಪೆನ್ನು ನಿಲ್ಲಲೇ ಇಲ್ಲ.

ಬರೆದದ್ದು ಅವನ ಅಜ್ಜಿ ಮಂಚಮ್ಮನ ಮತ್ತು ಪಕ್ಕದ ಮನೆಯ ಹ್ಯಾಟೆಯ ಕಥೆ. ಒಣಗಲು ಹಾಕಿದ ರಾಗಿಗೆ ಆ ಕೋಳಿ ಬಾಯಿ ಹಾಕಿತೆಂದು ಮಂಚಮ್ಮ ಬೆಳಿಗ್ಗೆ ಅದರ ವಂಶವನ್ನೆಲ್ಲ ಎತ್ತಾಡಿ ಬೈದಿದ್ದಳು. ಮಧ್ಯಾಹ್ನ ಅದು ಬಂದು ಇವಳ ಮಂಕರಿ ಬುಟ್ಟಿಯಲ್ಲೇ ಮೊಟ್ಟೆ ಇಟ್ಟಿತು. ಅಜ್ಜಿ ಆ ಮೊಟ್ಟೆ ಹುರಿದು, ಅರ್ಧ ತಾನು ತಿಂದು, ಇನ್ನರ್ಧವನ್ನು ಕೋಳಿಯ ಒಡತಿಗೆ ಕೊಟ್ಟು, ಕೊಡುವಾಗಲೂ ಬೈದು ಬಂದಳು.

ಸುಧ ಓದುತ್ತ ಓದುತ್ತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಶೋಕ್ ಹಾಳೆ ಕಿತ್ತುಕೊಂಡ. ಮೊದಲು ಅವನ ಮೀಸೆ ಅಲ್ಲಾಡಿತು, ಆಮೇಲೆ ಕಣ್ಣಲ್ಲಿ ನೀರು ಬಂತು.

"ಚೆಂದಾಗದಾ ಮೇಡಂ?" ಹುಡುಗನ ಮುಖ ಅರಳಿತ್ತು.

"ಚೆಂದಾಗದೆ. ಅದ್ಕೇ ಸಿಕ್ಕಾಕೊಂಡೆ ಕಣ್ಲಾ." ಸುಧಳ ಬಾಯಲ್ಲೂ ಮನೆಯ ಮಾತೇ ಬಂದಿತ್ತು. "ಹಸ ಗಟ್ಟಿ ಹಾಲೇ ಕೊಡ್ತಾ ಅದೆ. ನೀರು ಉಯ್ದೋರು ಯಾರು?"

ಹಾಲು ಕರೆಯುವ ಮನೆಯ ಹುಡುಗನಿಗೆ ಬಿಡಿಸಿ ಹೇಳಬೇಕೇ? ಅವನ ತಲೆ ತಗ್ಗಿತು. "ನಾನೇ ಮೇಡಂ. ನಮ್ ಮಾತಲ್ಲಿ ಬರುದ್ರೆ ಕಾಲೇಜಲ್ಲಿ ಎಲ್ಲಾರೂ ನಗ್ತಾರೆ ಅಂದ್ಕಬುಟ್ಟೆ."

"ನಕ್ವಲ್ಲಪ್ಪ ಈಗ," ಅಂದ ಅಶೋಕ್, ಕಣ್ಣೊರೆಸಿಕೊಳ್ಳುತ್ತ.

ಮೊದಲ ಬರಹಕ್ಕೆ ಸೊನ್ನೆ ಬಿತ್ತು, ಅದರಲ್ಲಿ ಮುಲಾಜಿಲ್ಲ. ಎರಡನೆಯದಕ್ಕೆ ಅಂಕ ಉಂಟು, ತಡವಾದದ್ದಕ್ಕೆ ಒಂದಷ್ಟು ಕಡಿತ. ಅಶೋಕ್ ಇನ್ನೊಂದು ಷರತ್ತು ಸೇರಿಸಿದ: ಮೊದಲನೆಯದು ತನ್ನದಲ್ಲವೆಂದು ತಿಮ್ಮೇಶ ತರಗತಿಯ ಮುಂದೆ ಒಪ್ಪಿಕೊಳ್ಳಬೇಕು, ಎರಡನೆಯದನ್ನು ಗಟ್ಟಿಯಾಗಿ ಓದಬೇಕು. ಹುಡುಗ ತರಗತಿಯ ಮುಂದೆ ನಿಂತು, ಮೇಡಂ ಆಡಿದ ಹಾಲು-ನೀರಿನ ಮಾತನ್ನೂ ಬಿಡದೆ ಹೇಳಿ ಒಪ್ಪಿಕೊಂಡ. ಓದುವಾಗ ಮಂಚಮ್ಮ ಮೊಟ್ಟೆ ಹುರಿಯುವ ಹೊತ್ತಿಗೆ ಬೆಂಚುಗಳೇ ಕುಣಿಯುತ್ತಿದ್ದವು, ಎಲ್ಲರಿಗಿಂತ ಜೋರಾಗಿ ನಕ್ಕವಳು ಮೇಘನ.

ಮಾರನೆಯ ಬೆಳಿಗ್ಗೆ ಸುಧ ಬರುವಷ್ಟರಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ಅದೇ ತರಗತಿಯ ಹುಡುಗ ಹುಡುಗಿಯರ ಸಾಲು ನಿಂತಿತ್ತು. ಯಾರೂ ಮುಖ ಎತ್ತಲೊಲ್ಲರು. ಮುಂದೆ ನಿಂತಿದ್ದ ಚಲುವರಾಜು ತಲೆ ಕೆರೆದುಕೊಂಡ.

"ನಮ್ ಹಾಲೂ ವಾಪಸ್ ಕೊಟ್ಬುಡಿ ಮೇಡಂ. ಇಲ್ಲೇ ಕುಂತ್ಕಂಡು ಕರ್ದುಕೊಡ್ತೀವಿ."

ಒಳಗೆ ಅಶೋಕ್ ಆಗಲೇ ಕುರ್ಚಿಗಳನ್ನು ಎಳೆದು ಸಾಲಾಗಿ ಹಾಕುತ್ತಿದ್ದ.