ರೀಲು ಬದಲಿಸುವ ಹೊತ್ತು

ಅಬ್ದುಲ ವಾಹೀದನ ರೇಡಿಯೊ ರಿಪೇರಿ ಅಂಗಡಿ ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿತ್ತು. ಬೆಸುಗೆಯ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿರುವ ಈ ಬೋಳುತಲೆಯ ಮನುಷ್ಯ ಒಂದು ಕಾಲಕ್ಕೆ ಮುಂಬೈಯ ಹೋಟೆಲುಗಳಲ್ಲಿ ರಾಕ್ ಅಂಡ್ ರೋಲ್ ಹಾಡಿ ಜನರನ್ನು ಕುಣಿಸಿದವನು ಎಂದರೆ ಗಿರಾಕಿಗಳು ನಗುತ್ತಿದ್ದರು. ನಂಬಿದವರು ಔರಾದದ ಕಡೆಯ ಮದುವೆಗಳಿಗೆ ಕರೆಯುತ್ತಿದ್ದರು. ಅಲ್ಲಿ ಬ್ಯಾಂಡಿನವರ ಮುಂದೆ ನಿಂತು ನಾಲ್ಕು ಸಿನಿಮಾ ಹಾಡು ಹೇಳಿ, ಉಂಡು, ಬಸ್ಸು ಹತ್ತಿ ಬರುತ್ತಿದ್ದ.

ಎಪ್ಪತ್ಮೂರರ ಬೇಸಿಗೆಯಲ್ಲಿ ಮುಂಬೈಯ ಟೆಲಿವಿಷನ್‌ನವರಿಂದ ಪತ್ರ ಬಂತು. ಮರೆತುಹೋದ ಗಾಯಕರನ್ನು ಅವರವರ ಊರಲ್ಲೇ ಮತ್ತೆ ಹಾಡಿಸಿ ತೋರಿಸುವ ಕಾರ್ಯಕ್ರಮವಂತೆ. ಬೀದರಿನ ಒಂದು ಶಾಲೆಯ ಸಭಾಂಗಣ ಗೊತ್ತು ಮಾಡಿದ್ದಾರೆ. ಅವನ ಹಳೆಯ ರೆಕಾರ್ಡಿನಲ್ಲಿ ಹೆಸರಾಗಿದ್ದ ರೈಲಿನ ಹಾಡು ಮಾತ್ರ ಇರಲೇಬೇಕು.

ಪಕ್ಕದ ಚಹಾದಂಗಡಿಯ ಕುತುಬೋದ್ದೀನ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ. "ಟಿವಿ ಅಂದ್ರ ರೇಡಿಯೊಕ್ಕ ಕನ್ನಡಿ ಹಚ್ಚಿದಂಗ ಏನ್ರಿ? ಹಂಗಿದ್ರ ನಿಮ್ಮ ತಲಿ ಮುಂಬೈ ತನಕ ಹೊಳೀತದ ಬಿಡ್ರಿ."

ವಾಹೀದನಿಗೆ ನಗು ಬರಲಿಲ್ಲ. ಆ ಹಾಡಿನಲ್ಲಿ ಇದ್ದದ್ದು ಎರಡು ದನಿ.

ಅವನೂ ತಮ್ಮ ಅಬ್ದುಲ ಸಮದನೂ ಬೀದರಿನ ಬಿದರಿ ಕೆಲಸದ ಮನೆಯಲ್ಲಿ ಬೆಳೆದವರು. ಕಪ್ಪು ತಾಟಿನ ಮೇಲೆ ಉಳಿಯಿಂದ ಗೆರೆ ಕೊರೆಯುವುದು ವಾಹೀದನ ಪಾಲು. ಆ ಗೆರೆಯೊಳಗೆ ಬೆಳ್ಳಿಯ ತಂತಿ ಬಡಿದು ಕೂಡಿಸುವುದು ಸಮದನ ಪಾಲು. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಇಬ್ಬರೂ ಮುಂಬೈ ಸೇರಿದರು. ಅಲ್ಲಿ ಹಾಡುವಾಗಲೂ ಅದೇ ರೂಢಿ ಉಳಿಯಿತು. ವಾಹೀದ ಸಾಲನ್ನು ಅರ್ಧಕ್ಕೆ ಕಡಿದು ಬಿಡುತ್ತಿದ್ದ, ಸಮದ ತನ್ನ ಏರುದನಿಯನ್ನು ಅದರಲ್ಲಿ ತುಂಬುತ್ತಿದ್ದ. ರೆಕಾರ್ಡು ಕೊಂಡವರು ಕೊಂಡದ್ದು ಆ ಏರುದನಿಗಾಗಿ. ಆದರೆ ಕಂಪನಿಯವನು ಲೇಬಲ್ಲಿನ ಮೇಲೆ ಒಂದೇ ಹೆಸರು ಹಿಡಿಸುತ್ತದೆ, ಯಾರದು ಎಂದು ಕೇಳಿದಾಗ ಸಮದ ಚಹಾ ಕುಡಿಯಲು ಹೊರಗೆ ಹೋಗಿದ್ದ. ವಾಹೀದ ತನ್ನ ಹೆಸರು ಬರೆಸಿದ. ಸಮದ ರೆಕಾರ್ಡು ತಿರುಗಿಸಿ ಲೇಬಲ್ಲು ಓದಿದ. ಮರುತಿಂಗಳು ತನ್ನ ಗಿಟಾರ್ ಹೆಗಲಿಗೇರಿಸಿ ಬೀದರಿಗೆ ಮರಳಿ, ಮತ್ತೆ ಬೆಳ್ಳಿ ಬಡಿಯತೊಡಗಿದ. ಆರು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡ.

ತಮ್ಮನ ದನಿಯಿಲ್ಲದ ಕಡೆ ಅವನ ಗಿಟಾರಾದರೂ ಉತ್ತರ ಕೊಡಲಿ ಎಂದುಕೊಂಡು ವಾಹೀದ ಬೀದರಿಗೆ ಹೋದ. ಸಮದನ ಹೆಂಡತಿ ಖುರ್ಷಿದ ಬೇಗಂ ಗಿಟಾರನ್ನು ಗೋಡೆಗೆ ತೂಗುಹಾಕಿದ್ದಳು. ಅವನು ಸಲಾಮು ಹೇಳಿದ್ದೇ ತಡ, ಅದರ ದಪ್ಪ ತಂತಿಯೊಂದು ಗುಂಯ್ ಎಂದಿತು. ಯಾರು ಮಾತಾಡಿದರೂ ಹಾಗೇ ಅನ್ನುತ್ತದೆ, ಅದಕ್ಕೇ ತಂತಿ ಬಿಚ್ಚಿಲ್ಲ ಎಂದಳು. ಒಂದೇ ಕಂಪನದ ಸ್ವರ ಹತ್ತಿರದಲ್ಲಿ ಎದ್ದರೆ ಮುಟ್ಟದ ತಂತಿಯೂ ಮಿಡಿಯುತ್ತದೆ. ರೇಡಿಯೊ ಬಿಚ್ಚಿ ಬದುಕುವ ವಾಹೀದನಿಗೆ ಇದು ಗೊತ್ತಿಲ್ಲದ್ದಲ್ಲ. ಆದರೂ ಅವನು ದನಿ ತಗ್ಗಿಸಿದ.

ಗಿಟಾರ್ ಕೊಡುತ್ತೇನೆ, ಆದರೆ ಒಂದು ಮಾತಿನ ಮೇಲೆ ಎಂದಳು ಖುರ್ಷಿದ. "ಗೆರಿ ಕೊರದವ್ರು ನೀವು ಭಾಯಿಜಾನ್, ಬೆಳ್ಳಿ ಕೂಡ್ಸಿದಾಂವ ಅಂವ. ತಾಟಿನ ಮ್ಯಾಲ ಹೆಸರು ಒಬ್ರದೇ ಬಂತು. ಮುಂಬೈ ಮಂದಿಗಿ ಕೇಳೂಹಂಗ ಅಂವನ ಹೆಸರು ಹೇಳ್ರಿ. ಇಷ್ಟೇ."

ಅವನು ಹ್ಞೂಂ ಎಂದ.

ಹಾಡಿನ ದಿನ ಮಧ್ಯಾಹ್ನ ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದು ದೊಡ್ಡ ದೀಪ ಹಚ್ಚಿದ್ದರು. ಕ್ಯಾಮೆರಾ ಹಿಡಿದವನು ಪಂಢರಿ ಎಂಬ ಮರಾಠಿಯವ. ಒಂದು ರೀಲು ಹತ್ತು ನಿಮಿಷ ಓಡುತ್ತದೆ, ಮುಗಿದಾಗ ಕೈ ಎತ್ತುತ್ತೇನೆ, ಬದಲಿಸುವ ತನಕ ನೀರು ಕುಡಿಯಿರಿ, ಮಂದಿಯ ಜೊತೆ ಮಾತಾಡಿರಿ, ಆಗ ಚಿತ್ರವೂ ಇಲ್ಲ ಧ್ವನಿಯೂ ಇಲ್ಲ ಎಂದು ಅವನು ಬಿಡಿಸಿ ಹೇಳಿದ್ದ.

ಮುಂದಿನ ಸಾಲಿನಲ್ಲಿ ಖುರ್ಷಿದ ಕೂತಿದ್ದಳು. ಹಾಡಿಗೆ ಮೊದಲೇ ಹೇಳಿಬಿಡುವುದೆಂದು ವಾಹೀದ ನಿಶ್ಚಯಿಸಿದ್ದ. ಕ್ಯಾಮೆರಾ ಹೊಲಿಗೆ ಯಂತ್ರದಂತೆ ಟಕಟಕ ಓಡತೊಡಗಿತು. ಕಾರ್ಯಕ್ರಮದವರು ಅವನತ್ತ ಕೈಮಾಡಿ, ಆ ಏರುದನಿಯ ಒಡೆಯ ಹದಿಮೂರು ವರ್ಷದ ಮೇಲೆ ನಿಮ್ಮ ಮುಂದೆ ನಿಂತಿದ್ದಾರೆ ಎಂದರು. ಚಪ್ಪಾಳೆ ಬಿತ್ತು. ಆ ಏರುದನಿ ತನ್ನದಲ್ಲ ಎಂದರೆ ತನ್ನದೆನ್ನುವುದು ಏನು ಉಳಿಯುತ್ತದೆ? ಅರ್ಧಕ್ಕೆ ಕಡಿದ ಸಾಲುಗಳು. ಬೆಳ್ಳಿ ಕೂಡದ ಗೆರೆಗಳು. ಅವನು ಹಾಡು ಎತ್ತಿಕೊಂಡ.

ಹಾಡು ಚೆನ್ನಾಗಿ ಬಂತು. ಸಾಲು ಕಡಿದಲ್ಲೆಲ್ಲ ಬೆರಳುಗಳು ತಾವಾಗಿ ತಂತಿಗೆ ಬಿದ್ದು ಗಿಟಾರ್ ಉತ್ತರಿಸಿತು. ಆ ಉತ್ತರ ತನ್ನ ಬೆರಳಿಗಿಂತ ಕೂದಲೆಳೆಯಷ್ಟು ಮುಂಚೆಯೇ ಬರುತ್ತಿದೆ ಎಂದು ಒಮ್ಮೆ ಅನಿಸಿತು. ಹಾಡು ಮುಗಿಯಿತು. ಪಂಢರಿ ಕೈ ಎತ್ತಿದ. ಟಕಟಕ ನಿಂತಿತು.

ಇಡೀ ಸಭಾಂಗಣದಲ್ಲಿ ಆ ಸದ್ದು ನಿಂತದ್ದನ್ನು ಕಿವಿಗೆ ಹಾಕಿಕೊಂಡವನು ಬಹುಶಃ ವಾಹೀದನೊಬ್ಬನೇ. ಅವನು ಎರಡು ಹೆಜ್ಜೆ ಮುಂದೆ ಬಂದ.

"ಈ ಹಾಡಿನ್ಯಾಗ ನೀವು ಮೆಚ್ಚಿದ ದನಿ ನಂದಲ್ರಿ," ಎಂದ. "ನನ್ನ ತಮ್ಮ ಅಬ್ದುಲ ಸಮದಂದು. ಹೆಸರು ನಾ ತಗೊಂಡೆ."

ಜನ ಎದ್ದು ನಿಂತರು. ಬಿದರಿ ಕೆಲಸದ ಮುದುಕರು ಕಣ್ಣೊರೆಸಿಕೊಂಡರು. ಖುರ್ಷಿದ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಚಪ್ಪಾಳೆ ಇಳಿಯುವ ಹೊತ್ತಿಗೆ ಟಕಟಕ ಮತ್ತೆ ಶುರುವಾಯಿತು, ಅವನು ಮುಂದಿನ ಹಾಡಿಗೆ ಶ್ರುತಿ ನೋಡುತ್ತಿದ್ದ.

ಸಂಜೆ ಗಿಟಾರ್ ಮರಳಿಸಲು ಹೋದಾಗ ಖುರ್ಷಿದ ತೆಗೆದುಕೊಳ್ಳಲಿಲ್ಲ. ಇನ್ನು ಇದು ನಿಮ್ಮದೇ, ನೀವು ಋಣ ಹರಿದುಕೊಂಡಿರಿ ಎಂದಳು. ಬೇಡವೆನ್ನಲು ಅವನ ಬಳಿ ಹೇಳಬಲ್ಲ ಕಾರಣವಿರಲಿಲ್ಲ.

ಗಿಟಾರ್ ಅಂಗಡಿಯ ಗೋಡೆಗೆ ಬಂತು. ರಿಪೇರಿಯಾದ ಪ್ರತಿ ರೇಡಿಯೊದಲ್ಲೂ ಯಾರೋ ಒಬ್ಬರು ಮಾತಾಡುತ್ತಾರೆ. ತಂತಿ ಗುಂಯ್ ಅನ್ನುತ್ತದೆ.

ಕಾರ್ಯಕ್ರಮ ಮುಂಬೈಯಲ್ಲಿ ಪ್ರಸಾರವಾಯಿತೆಂದು ಸುದ್ದಿ ಬಂತು. ಬೀದರ ಜಿಲ್ಲೆಯಲ್ಲಿ ಅದನ್ನು ನೋಡುವ ಉಪಾಯ ಯಾರಿಗೂ ಇರಲಿಲ್ಲ. ಹದಿನೈದು ದಿನದ ಮೇಲೆ ಖುರ್ಷಿದ ರೈಲಿನಲ್ಲಿ ಭಾಲ್ಕಿಗೆ ಬಂದಳು. ಕೈಯಲ್ಲಿ ಮುಂಬೈಯಲ್ಲಿರುವ ಅವಳ ಚಿಕ್ಕಪ್ಪನ ಮಗನ ಪತ್ರ.

"ಲಾಲ ಅಹ್ಮದ ಬರದಾನ್ರಿ. ಹಾಡು ಪೂರಾ ಬಂತಂತ. ಹೆಸರು ಮಾತ್ರ ಕೇಳಿಸ್ಲಿಲ್ಲಂತ. ಟಿವಿ ಅಂಗಡಿ ಮುಂದ ನಿಂತು ನೋಡ್ಯಾನ, ರಸ್ತೆದಾಗ ಗದ್ದಲ ಇತ್ತಂತ." ಅವಳು ಪತ್ರ ಮಡಿಚಿದಳು. "ಹೆಸರು ಬಂದಿರ್ತದಲ್ರಿ, ಭಾಯಿಜಾನ್?"

ಅವಳ ಮುಖ ನೋಡಲಾಗದೆ ವಾಹೀದ ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ನೋಡಿದ.

"ಬಂದಿರ್ತದ," ಎಂದ. "ನಾ ಹೇಳಿದ್ದು ನೀನೇ ಕೇಳೀದಿಯಲ್ಲ."

ಗೋಡೆಯ ಮೇಲೆ ತಂತಿ ಮಿಡಿಯಿತು. ಎಂದಿಗಿಂತ ಉದ್ದಕ್ಕೆ.

ಖುರ್ಷಿದ ಅತ್ತ ತಿರುಗಿದಳು. ಎಷ್ಟೋ ವರ್ಷಗಳಿಂದ ಕಾಣದ ನಗು ಅವಳ ಮುಖಕ್ಕೆ ಬಂದಿತ್ತು.

"ನೋಡ್ರಿ," ಎಂದಳು ಮೆಲ್ಲಗೆ, "ಹ್ಞೂಂ ಅನ್ಲತ್ತಾನ."

ಅವಳು ಹೋದಮೇಲೆ ವಾಹೀದ ತಂತಿಯ ಕೀಲಿಗೆ ಕೈ ಹಚ್ಚಿದ. ಅರ್ಧ ಸುತ್ತು ಸಡಿಲಿಸಿದರೆ ಮುಗಿಯುತ್ತಿತ್ತು. ಸಡಿಲಿಸಲಿಲ್ಲ. ಆ ದಿನದಿಂದ ತನ್ನ ದನಿಗೆ ತಂತಿ ಮಿಡಿಯದಿರಲೆಂದು ಅಂಗಡಿಯಲ್ಲಿ ಅವನು ಕೈಸನ್ನೆಯಲ್ಲೇ ವ್ಯವಹಾರ ಮುಗಿಸುತ್ತಿದ್ದ. ಹಾಡುಗಾರನ ಗಂಟಲು ಹೋಯಿತೆಂದು ಕುತುಬೋದ್ದೀನ ಮಂದಿಗೆ ಹೇಳುತ್ತಿದ್ದ. ಆದರೆ ರಿಪೇರಿಯಾದ ರೇಡಿಯೊಗಳನ್ನು ಕೊಡುವ ಮೊದಲು ಒಮ್ಮೆ ಹಚ್ಚಿ ನೋಡಲೇಬೇಕಿತ್ತು.