ಅಕ್ಕನನ್ನು ಕಂಡು ಹೆದರಿದ ದೆವ್ವ

ಬೆಂಗಳೂರಿನಿಂದ ಚಿಂತಾಮಣಿಗೆ ಬರುವ ಬಸ್ಸಿನಲ್ಲಿ ಸಂಘಮಿತ್ರಳಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು. ಆದರೂ ಅವಳಿಗೆ ಹೊರಗಿನದೇನೂ ಕಾಣಲಿಲ್ಲ. ಹೊಸಕೋಟೆ ದಾಟಿದ್ದು ತಿಳಿಯಲಿಲ್ಲ, ಕೈವಾರ ಕ್ರಾಸಿನಲ್ಲಿ ಕಡಲೆಕಾಯಿ ಮಾರುವವನು ಬುಟ್ಟಿ ಎತ್ತಿ ಕಿಟಕಿಗೆ ತಗಲಿಸಿದ್ದೂ ತಿಳಿಯಲಿಲ್ಲ. ಅವಳ ಕಣ್ಣ ಮುಂದೆ ಇನ್ನೂ ಆ ಅಡುಗೆಮನೆಯೇ ಇತ್ತು. ಒದ್ದೆ ನೆಲ, ನೆಲದ ಮೇಲೆ ಪುಟ್ಟ ಪಾದಗಳ ಗುರುತು, ತಾನಾಗಿ ಒಂದಿಷ್ಟು ಹಿಂದಕ್ಕೆ ಸರಿದ ಕುರ್ಚಿ. ಬೆಳಗ್ಗೆ ಬೆಂಗಳೂರಿನ ಫಿಲ್ಮ್ ಸೊಸೈಟಿಯೊಂದರಲ್ಲಿ ಅವಳು ಸ್ಪೇನ್ ದೇಶದ ಒಂದು ದೆವ್ವದ ಸಿನಿಮಾ ನೋಡಿದ್ದಳು. ಅಲ್ಲಿ ಸಿಕ್ಕ ಹಳೆಯ ಸಹಪಾಠಿಯನ್ನು ಕಾಡಿಬೇಡಿ ಅದರದೊಂದು ಡಿವಿಡಿಯನ್ನೂ ಬ್ಯಾಗಿಗೆ ಹಾಕಿಕೊಂಡಿದ್ದಳು. ಈಗ ಆ ಕತೆಯನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದೇಹೋಗುತ್ತದೆ ಎನ್ನುವ ಹಾಗಾಗಿತ್ತು.

ತೊಂದರೆಯೆಂದರೆ, ದೆವ್ವದ ಮಾತು ಎತ್ತಬಾರದ ಮನೆಯೊಂದು ಆ ತಾಲ್ಲೂಕಿನಲ್ಲಿ ಇದ್ದರೆ ಅದು ಅವಳದೇ.

ಅವಳ ಅಪ್ಪ, ಕೆಂಚಾರ್ಲಹಳ್ಳಿಯ ಗಂಗುಲಪ್ಪ ಮೇಷ್ಟ್ರು, ಅಮಾವಾಸ್ಯೆಯ ದಿನ ಸ್ಮಶಾನದಲ್ಲಿ ಕೂತು ಮೊಸರನ್ನ ಉಂಡು ಬಂದವರು. ಸ್ನೇಹಿತ ವೆಂಕಟರಾಯಪ್ಪನವರ ಜೊತೆ ಶಿಡ್ಲಘಟ್ಟ, ಗೌರಿಬಿದನೂರು ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ, ನಿಂಬೆಹಣ್ಣಿನಿಂದ ರಕ್ತ ಬರಿಸುವ, ನೀರು ಚಿಮುಕಿಸಿ ಬೆಂಕಿ ಹೊತ್ತಿಸುವ ಮಂತ್ರವಾದಿಗಳ ಗುಟ್ಟನ್ನು ಜನರ ಎದುರಿಗೇ ಬಿಚ್ಚಿಟ್ಟವರು. ನಿವೃತ್ತರಾಗಿ ರೇಷ್ಮೆ ಹುಳ ಸಾಕಲು ಶುರು ಮಾಡಿದ ಮೇಲೂ ಆ ತಿರುಗಾಟ ನಿಂತಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಅದನ್ನು ಸಂಘಮಿತ್ರಳಿಗೆ ಹೇಳಿದವಳು ಅಮ್ಮ ಮುನಿಗಂಗಮ್ಮ, ಅದೂ ಒಂದೇ ಒಂದು ಸಲ, ಪಿಸುಮಾತಿನಲ್ಲಿ. ಮೇಷ್ಟ್ರಿಗೆ ಮಂಗಮ್ಮ ಎಂಬ ತಂಗಿಯಿದ್ದಳು. ಅವರು ಚಿಂತಾಮಣಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಗ ಆ ಹುಡುಗಿ ಜ್ವರ ಬಂದು ಬಡಬಡಿಸತೊಡಗಿದಳು. ಗಾಳಿ ಸೋಕಿದೆ ಎಂದು ಯಾರನ್ನೋ ಕರೆಸಿದರು. ಅವನು ಹುಣಸೆ ಬರಲಿನಲ್ಲಿ ಹೊಡೆದು ದೆವ್ವ ಬಿಡಿಸಿದ. ಅಣ್ಣ ಊರಿಗೆ ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಅಂದಿನಿಂದ ಗಂಗುಲಪ್ಪನವರು ದೆವ್ವದ ಬೆನ್ನು ಬಿದ್ದರು. ತಂಗಿಯ ಹೆಸರನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಇದೆಲ್ಲ ಗೊತ್ತಿದ್ದೂ ಸಂಘಮಿತ್ರಳಿಗೆ ತಡೆಯಲಾಗಲಿಲ್ಲ. ಕೈಕಾಲು ತೊಳೆದು ಹುಳದ ಮನೆಗೆ ಹೊಕ್ಕವಳೇ, ಸಂಜೆಯ ಸೊಪ್ಪು ಹಾಕುತ್ತಿದ್ದ ಅಮ್ಮನ ಪಕ್ಕ ನಿಂತಳು.

"ಅಮ್ಮಾ, ಎಂಥಾ ಸಿನಿಮಾ ನೋಡ್ದೆ ಗೊತ್ತಾ! ದೆವ್ವದ್ದು. ಆದ್ರೆ..."

ಆಚೆ ಸಾಲಿನಲ್ಲಿದ್ದ ಗಂಗುಲಪ್ಪನವರ ಕೈ ನಿಂತಿತು. "ಪಿಯುಸಿ ಮಕ್ಳಿಗೆ ಪಾಠ ಹೇಳೋಳು ನೀನು. ದೆವ್ವ ನೋಡಕ್ಕೆ ಬೆಂಗ್ಳೂರ್ಗಂಟ ಹೋಗಿದ್ಯೇನಮ್ಮ?"

"ಅಪ್ಪಾ, ಇದು ನೀನ್ ಅಂದ್ಕೊಂಡಂಗಿಲ್ಲ. ಡಿವಿಡೀನೂ ತಂದಿದೀನಿ, ಕೇಳಪ್ಪ ಒಂದ್ನಿಮ್ಷ."

"ಬ್ಯಾಡ. ನಾನು ಊರೂರಿಂದ ಓಡಿಸ್ತಾ ಇದ್ರೆ ನೀನು ಡಿವಿಡೀಲಿ ಹಾಕ್ಕೊಂಡು ಮನೇಗೇ ತರ್ತಿದೀಯ. ಈ ಮನೇಲಿ ಆ ಮಾತು ಬ್ಯಾಡ."

ಅವರ ದನಿ ಏರಿರಲಿಲ್ಲ. ಏರಿದ್ದರೆ ಅವಳೂ ಜಗಳವಾಡುತ್ತಿದ್ದಳು. ಮುಖ ಸಪ್ಪಗೆ ಮಾಡಿಕೊಂಡು ಹೊರಗೆ ಬಂದಳು. ಮಾರನೆಯ ಬೆಳಗ್ಗೆ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವಾಗ ಮುನಿಗಂಗಮ್ಮನೇ ಕೇಳಿದಳು:

"ಅದೇನೋ ಹೇಳಕ್ಕೆ ಬಂದ್ಯಲ್ಲ, ಹೇಳೇ."

ಅಷ್ಟು ಸಾಕಾಯಿತು. ಸಂಘಮಿತ್ರ ಕೊಯ್ಯುವುದನ್ನೇ ಮರೆತು ಹೇಳತೊಡಗಿದಳು. ಬೆಟ್ಟಗಳ ನಡುವೆ ಒಂದು ಊರು. ಅಣೆಕಟ್ಟು ಕಟ್ಟಿ ಊರನ್ನು ಮುಳುಗಿಸಿದರು. ಎಲ್ಲರೂ ಗಂಟುಮೂಟೆ ಹೊತ್ತು ಹೊರಟ ದಿನದ ಗಲಿಬಿಲಿಯಲ್ಲಿ ಇಬ್ಬರು ಅಕ್ಕತಂಗಿಯರಲ್ಲಿ ಚಿಕ್ಕವಳು ಅಕ್ಕನ ಕೈ ತಪ್ಪಿಸಿಕೊಂಡಳು, ಮತ್ತೆ ಸಿಗಲೇ ಇಲ್ಲ. ಎಷ್ಟೋ ವರ್ಷಗಳ ಮೇಲೆ ಮಳೆಯಿಲ್ಲದೆ ನೀರು ಇಳಿದು, ಹಳೆಯ ಊರಿನ ಗೋಡೆಗಳು ಮೇಲೆದ್ದವು. ಮುದುಕಿಯಾಗಿದ್ದ ಅಕ್ಕ ಅಲ್ಲಿಗೆ ಬಂದು ದಡದ ಮೇಲೆ ಒಂದು ಮನೆ ಹಿಡಿದಳು. ಸಂಜೆಯಾದರೆ ನೀರಿನ ಕಡೆಯಿಂದ ಅಡುಗೆಮನೆಯವರೆಗೆ ಒದ್ದೆ ಹೆಜ್ಜೆಗಳು ಮೂಡುತ್ತವೆ.

"ತಂಗಿ!" ಎಂದಳು ಮುನಿಗಂಗಮ್ಮ, ಸೊಪ್ಪಿನ ಕಂತೆಯನ್ನು ಎದೆಗೆ ಅವುಚಿಕೊಂಡು.

"ತಂಗೀನೇ. ಅವ್ಳು ಹುಡುಕ್ತಾ ಇರೋದೂ ಅಕ್ಕನ್ನೇ. ಆದ್ರೆ ಅಕ್ಕನ್ನ ನೋಡಿದ್ ತಕ್ಷಣ ಹೆದ್ರಿ ಬಚ್ಚಿಟ್ಕೋತಾಳೆ ಕಣಮ್ಮ. ಅವ್ಳಿಗೆ ಗೊತ್ತಿರೋ ಅಕ್ಕ ಎರಡು ಜಡೆ ಹಾಕ್ಕೊಂಡಿರೋ ಹುಡ್ಗಿ. ಈ ಮುದ್ಕಿ ಯಾರೋ ಅಂತ ಅವ್ಳಿಗೆ ಭಯ!"

"ಅಯ್ಯೋ, ದೆವ್ವಕ್ಕೇ ಭಯಾನಾ?"

"ಅದೇ ಅಮ್ಮ, ಅದೇ! ನಮ್ ಸಿನಿಮಾಗಳಲ್ಲಿ ದೆವ್ವ ಅಂದ್ರೆ ಬಿಳೀ ಸೀರೆ, ಕಿರುಚಾಟ. ಇದ್ರಲ್ಲಿ ಯಾರೂ ಕಿರಚಲ್ಲ. ಒಂದು ಪರದೆ ಅಲ್ಲಾಡತ್ತೆ, ಒಂದು ತೊಟ್ಟು ನೀರು ಬೀಳತ್ತೆ, ಅಷ್ಟೇ. ಎದೆ ಹೊಡ್ಕೊಳ್ಳತ್ತೆ. ಆ ಮಗು ನಮಗೇನ್ ಮಾಡ್ಬಿಡತ್ತೋ ಅಂತಲ್ಲ, ಆ ಮಗೂಗೆ ಇನ್ನೇನಾಗತ್ತೋ ಅಂತ."

ಮುನಿಗಂಗಮ್ಮನಿಗೆ ಕತೆಯ ರುಚಿ ಹತ್ತಿಬಿಟ್ಟಿತು. ಹುಳಗಳು ದೊಡ್ಡ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಎದ್ದು ಹೊತ್ತುಹೊತ್ತಿಗೂ ಸೊಪ್ಪು ಕೇಳುತ್ತಿದ್ದ ದಿನಗಳವು. ಕೊಯ್ಯುವಾಗ ಒಂದು ತುಂಡು, ಹಾಕುವಾಗ ಒಂದು ತುಂಡು, ಕಸ ತೆಗೆಯುವಾಗ ಒಂದು ತುಂಡು ಎಂದು ಸಂಘಮಿತ್ರ ಸಿನಿಮಾವನ್ನು ಎಳೆದೆಳೆದು ಹೇಳಿದಳು. ಕಾಲೇಜಿಗೆ ಹೋಗಿದ್ದಾಗಲೂ ಮುಂದೆ ಯಾವ ಕಡೆ ನಿಲ್ಲಿಸಬೇಕು ಎಂಬುದೇ ಅವಳ ತಲೆಯಲ್ಲಿರುತ್ತಿತ್ತು. ಅಪ್ಪ ಹತ್ತಿರ ಬಂದರೆ ಇಬ್ಬರೂ ಬಾಯಿ ಮುಚ್ಚುತ್ತಿದ್ದರು. ಅಪ್ಪ ದಿನದಿನಕ್ಕೂ ಹತ್ತಿರದ ಸಾಲಿನಲ್ಲೇ ಕೆಲಸ ಹುಡುಕಿಕೊಳ್ಳುತ್ತಿದ್ದುದು ಮಾತ್ರ ಇಬ್ಬರ ಗಮನಕ್ಕೂ ಬರಲಿಲ್ಲ.

ಹುಳ ಹಣ್ಣಾಗಿ, ಗೂಡು ಕಟ್ಟುವ ಬಿದಿರ ತಟ್ಟೆಯಾದ ಚಂದ್ರಂಕಿಗೆ ಬಿಟ್ಟ ದಿನ, ಗೂಡು ಕಟ್ಟುತ್ತಿದ್ದ ಹುಳಗಳನ್ನು ನೋಡುತ್ತ ನಿಂತಿದ್ದ ಗಂಗುಲಪ್ಪನವರು ತಿರುಗದೆಯೇ ಕೇಳಿದರು:

"ಆ ಮಗು ಕೈ ತಪ್ಪಿಸ್ಕೊಂತಲ್ಲ. ಅದು ಯಾರ್ ತಪ್ಪಂತೆ?"

ಸಂಘಮಿತ್ರ ಥಟ್ಟನೆ ಅಪ್ಪನ ಕಡೆ ತಿರುಗಿದಳು. ಮರುಗಳಿಗೆಯೇ ಸಂತೋಷ ಉಕ್ಕಿತು. ಕೇಳಿಸಿಕೊಂಡಿದ್ದಾರೆ!

"ಯಾರ್ದೂ ಅಲ್ಲ ಅಂತ ಎಲ್ಲಾರೂ ಅಂತಾರಪ್ಪ. ಅಕ್ಕ ಮಾತ್ರ ನಂದೇ ಅಂತಾಳೆ."

"ಹೂಂ." ಅವರು ದಾರಿ ತಪ್ಪಿದ ಒಂದು ಹುಳವನ್ನೆತ್ತಿ ಚಂದ್ರಂಕಿಗೆ ಬಿಟ್ಟರು. ಆಮೇಲೆ, "ಗೂಡು ಮಾರಿ ಮನೆ ಖಾಲಿ ಆಗ್ಲಿ. ಜಗನ್‌ಗೆ ಹೇಳು, ಅವ್ನ್ ಮಿಷನ್ ತರ್ಲಿ. ಏನದು, ನೋಡೇ ಬಿಡಣ" ಎಂದರು.

ಜಗನ್ ಅವಳ ತಮ್ಮ. ಮದುವೆಗಳ ವಿಡಿಯೊ ತೆಗೆಯುವ ಅವನ ಹತ್ತಿರ ಪ್ರಾಜೆಕ್ಟರ್ ಇತ್ತು, ಎರಡು ದೊಡ್ಡ ಸ್ಪೀಕರ್ ಇದ್ದವು. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಹೋದ ಮೇಲಿನ ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ, ತೊಳೆದು ಸುಣ್ಣ ಬಳಿದಿದ್ದ ಹುಳದ ಮನೆಯಲ್ಲಿ ಎಲ್ಲ ಸಜ್ಜು ಮಾಡಿದರು. ಕಿಟಕಿಗಳಿಗೆ ಗೋಣಿತಾಟು ಕಟ್ಟಿದ್ದೇ ತಡ, ನಡುಹಗಲಿನಲ್ಲೂ ಒಳಗೆ ಕಪ್ಪು ಕತ್ತಲು. ಸಂಘಮಿತ್ರಳಿಗೆ ಕೈಕಾಲು ನಿಲ್ಲುತ್ತಿರಲಿಲ್ಲ. ಮನೆಯವರಿಗೆಂದು ಹಾಸಿದ ಚಾಪೆ ಸಾಲದೆ ಹೋಯಿತು. ಜಗನ್ ಯಾರಿಗೋ ಹೇಳಿದ್ದ, ಅವರು ಇನ್ಯಾರಿಗೋ ಹೇಳಿದ್ದರು. ಬೀದಿಯ ಅರ್ಧ ಜನ ಬಂದು ಕೂತರು. ಪಕ್ಕದ ಮನೆಯ ಪೆದ್ದಮ್ಮ, ಕಣ್ಣು ಮಂಜಾಗಿದ್ದ ಮುದುಕಿ, ಎಲ್ಲರಿಗಿಂತ ಮುಂದೆ ಕಾಲು ಚಾಚಿದಳು. ಸಾಲದ್ದಕ್ಕೆ, ಮುಂದಿನ ಕಾರ್ಯಕ್ರಮದ ಮಾತಾಡಲು ಸ್ಕೂಟರಿನಲ್ಲಿ ಬಂದ ವೆಂಕಟರಾಯಪ್ಪನವರು ಬಾಗಿಲಲ್ಲೇ ನಿಂತುಬಿಟ್ಟರು.

"ಏನ್ ಮೇಷ್ಟ್ರೇ ಇದು? ನಿಮ್ಮನೇಲಿ ದೆವ್ವದ ಸಿನಿಮಾನಾ?"

"ಕೂತ್ಕೊಳ್ಳಿ ಸಾರ್. ನೋಡ್ದೇನೇ ಬಯ್ಯೋದು ವೈಜ್ಞಾನಿಕ ಅಲ್ಲ" ಎಂದರು ಗಂಗುಲಪ್ಪ. ವೆಂಕಟರಾಯಪ್ಪನವರು ಗೊಣಗುತ್ತ ಗೋಡೆಗೆ ಒರಗಿ ಕೂತರು.

ಸಿನಿಮಾ ಶುರುವಾಯಿತು. ಮಾತು ಸ್ಪ್ಯಾನಿಷ್, ಕೆಳಗೆ ಇಂಗ್ಲಿಷ್ ಅಕ್ಷರ. ಸಂಘಮಿತ್ರ ಪ್ರಾಜೆಕ್ಟರಿನ ಪಕ್ಕ ನಿಂತು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುತ್ತ ಹೋದಳು. ಪೆದ್ದಮ್ಮ ನಡುನಡುವೆ "ಏಮಂಟುಂದಿ ಆ ಪಿಲ್ಲ?" ಎಂದು, ಆ ಹುಡುಗಿ ಏನನ್ನುತ್ತಾಳೆಂದು ಕೇಳುತ್ತಿದ್ದಳು. ಮುನಿಗಂಗಮ್ಮ ಅದನ್ನು ತೆಲುಗಿಗೆ ತಿರುಗಿಸುತ್ತಿದ್ದಳು, ತನ್ನದೂ ಎರಡು ಮಾತು ಸೇರಿಸಿ. ಮೊದಮೊದಲು ಹಿಂದೆ ಕೂತವರು ನಕ್ಕರು. ಒದ್ದೆ ಹೆಜ್ಜೆಗಳು ಮೂಡತೊಡಗಿದ ಮೇಲೆ ನಗು ನಿಂತಿತು. ಸಿನಿಮಾದ ಮುದುಕಿ ಮೇಜಿನ ಮೇಲೆ ಎರಡು ತಟ್ಟೆ ಇಟ್ಟು, ತಾನು ಹಿತ್ತಲಿಗೆ ಹೋಗಿ ಕತ್ತಲಲ್ಲಿ ಕಾದು ನಿಂತಾಗ ಹಿಂದೆ ಕೂತವರೂ ಕತ್ತು ಚಾಚಿದರು. ಕುರ್ಚಿ ಸರಿಯಿತು. "ತಿನ್ನಮ್ಮ, ತಿನ್ನು" ಎಂದು ಯಾರೋ ಹೆಂಗಸು ದೆವ್ವಕ್ಕೆ ಹೇಳಿದಳು.

ಬೆಂಗಳೂರಿನ ಆ ತಣ್ಣನೆಯ ಸಭಾಂಗಣದಲ್ಲಿ ಸಂಘಮಿತ್ರ ಒಬ್ಬಳೇ ಅತ್ತಿದ್ದಳು. ಇಲ್ಲಿ ಇಡೀ ಬೀದಿ ಅವಳ ಜೊತೆಗಿತ್ತು.

ಕೊನೆಗೆ ಆ ಗಳಿಗೆ ಬಂತು. ಹಗಲು ರಾತ್ರಿ ಕಾದು ಸೋತು ಮುದುಕಿ ನೀರಿನ ಅಂಚಿನಲ್ಲಿ ಕೂತಿದ್ದಾಳೆ. ತಂಗಿ ತಾನಾಗಿ ಹತ್ತಿರ ಬರುತ್ತಾಳೆ. ಸುಕ್ಕುಗಟ್ಟಿದ ಕೈಯನ್ನು ಮುಟ್ಟಿ ನೋಡುತ್ತಾಳೆ, ಹಣೆಯ ಹಳೆಯ ಗಾಯದ ಗುರುತನ್ನು ಮುಟ್ಟಿ ನೋಡುತ್ತಾಳೆ, ಗುರುತು ಹಿಡಿಯುತ್ತಾಳೆ. ಆಮೇಲೆ ಒಂದು ಮಾತು ಕೇಳುತ್ತಾಳೆ.

ಅಕ್ಷರಗಳು ಎದುರಿಗಿದ್ದವು, ಸಂಘಮಿತ್ರಳ ಬಾಯಿಂದ ಹೊರಡಲಿಲ್ಲ. ಕತ್ತಲಲ್ಲಿ ಎಲ್ಲರೂ ಕಾದರು. "ಏಮಂಟುಂದಿ?" ಎಂದಳು ಪೆದ್ದಮ್ಮ.

ಆಗ ಹಿಂದಿನಿಂದ ಗಂಗುಲಪ್ಪನವರ ದನಿ ಬಂತು. ತರಗತಿಯಲ್ಲಿ ಪಾಠ ಓದುವ, ಎಲ್ಲರಿಗೂ ಗೊತ್ತಿದ್ದ ಅದೇ ದನಿ.

"ಅಣ್ಣಾ, ನಿಂಗ್ಯಾಕೆ ಇಷ್ಟು ವಯಸ್ಸಾಗೋಯ್ತು?"

ಅಕ್ಕ ಎನ್ನಬೇಕಾದಲ್ಲಿ ಅವರು ಅಣ್ಣ ಎಂದಿದ್ದರು. ಪರದೆಯ ಮೇಲೆ ಕಣ್ಣು ನೆಟ್ಟವರಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಸಂಘಮಿತ್ರ ತಿರುಗಿ ನೋಡಿದಳು. ಮುನಿಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಗಂಗುಲಪ್ಪನವರು ಪರದೆಯ ಬೆಳಕಿನಲ್ಲಿ ನೆಟ್ಟಗೆ ಕೂತು, ಮುಂದಿನ ಸಾಲು, ಅದರ ಮುಂದಿನ ಸಾಲು, ಕೊನೆಯವರೆಗೂ ತಾವೇ ಓದಿ ಹೇಳಿದರು. ದನಿ ಎಲ್ಲೂ ನಡುಗಲಿಲ್ಲ. ಕೆನ್ನೆ ಮಾತ್ರ ಒದ್ದೆಯಾಗಿತ್ತು.

ಗೋಣಿತಾಟು ಸರಿಸಿದಾಗ ಹೊರಗೆ ಇನ್ನೂ ಧಗಧಗ ಬಿಸಿಲು. ಒಮ್ಮೆಗೇ ಮಾತು ಎದ್ದಿತು. ಅಕ್ಕ ಊರು ಬಿಟ್ಟು ಹೋಗಬಾರದಿತ್ತು ಎಂದು ಒಬ್ಬರು, ಹೋಗದೆ ಏನು ಮಾಡುತ್ತಾಳೆ ಎಂದು ಇನ್ನೊಬ್ಬರು. ಆ ಗದ್ದಲದ ನಡುವೆ ವೆಂಕಟರಾಯಪ್ಪನವರು ಎದ್ದು ನಿಂತರು.

"ಚೆನ್ನಾಗಿದೆ ಮೇಷ್ಟ್ರೇ, ಇಲ್ಲ ಅನ್ನಲ್ಲ. ಆದ್ರೆ ಇದ್ನ ನೋಡಿದ ಜನ ದೆವ್ವ ಇದೆ ಅಂತ ನಂಬಲ್ವಾ? ನಾವು ಇಷ್ಟು ವರ್ಷ ತಿರುಗಿದ್ದು ಯಾತಕ್ಕೆ?"

"ದೆವ್ವ ಇಲ್ಲ ಸಾರ್. ನಾಳೇನೂ ಅದನ್ನೇ ಹೇಳ್ತೀನಿ. ಆದ್ರೆ ದೆವ್ವ ಇಲ್ಲ, ದೆವ್ವ ಇಲ್ಲ ಅಂತ ಹೇಳ್ತಾ ಹೇಳ್ತಾ ನಾನು ಇನ್ನೊಂದ್ ಮಾತು ಹೇಳೋದೇ ಬಿಟ್ಬಿಟ್ಟೆ."

"ಯಾವ್ದು?"

"ನಮ್ ಮಂಗಿ ಇಲ್ಲ ಅಂತ."

"ಯಾವ ಮಂಗಿ?" ವೆಂಕಟರಾಯಪ್ಪನವರು ಕಕ್ಕಾಬಿಕ್ಕಿಯಾದರು. ಅಷ್ಟು ವರ್ಷದ ಸ್ನೇಹದಲ್ಲಿ ಅವರು ಆ ಹೆಸರನ್ನೇ ಕೇಳಿರಲಿಲ್ಲ.

ಗಂಗುಲಪ್ಪನವರು ಹೇಳಿದರು. ನಿಂತಲ್ಲೇ, ಎಲ್ಲರೆದುರಿಗೆ. ಮಂಗಿಗೆ ಈಜು ಬರುತ್ತಿತ್ತು, ತಮಗೆ ಬರುತ್ತಿರಲಿಲ್ಲ ಎಂದರು. ಹಾಸ್ಟೆಲಿಗೆ ಹೊರಟ ದಿನ ಜೊತೆಗೆ ಬರುತ್ತೇನೆಂದು ಬಸ್ಸಿನ ಹಿಂದೆ ಓಡಿದ್ದಳು ಎಂದರು. ಜ್ವರದ ದಿನಗಳನ್ನೂ ಹೇಳಿದರು, ಹುಣಸೆ ಬರಲನ್ನೂ ಹೇಳಿದರು. ಪೆದ್ದಮ್ಮನಿಗೆ ಮಂಗಿಯ ನೆನಪಿತ್ತು. "ನಾಕು ತೆಲ್ಸು, ನಂಗೊತ್ತು, ಚುರುಕು ಹುಡ್ಗಿ" ಎಂದು ಅವಳೂ ಕೂತಲ್ಲಿಂದಲೇ ಸೇರಿಸಿದಳು. ವೆಂಕಟರಾಯಪ್ಪನವರು ಗೆಳೆಯನ ಭುಜ ಹಿಡಿದುಕೊಂಡರು.

ಮುಂದಿನ ಕಾರ್ಯಕ್ರಮ ವಿದುರಾಶ್ವತ್ಥದ ಹತ್ತಿರದ ಒಂದು ಹಳ್ಳಿಯ ಸಮುದಾಯ ಭವನದಲ್ಲಿತ್ತು. ಆ ಊರಿನ ಒಬ್ಬ ಸೊಸೆಗೆ ಗಾಳಿ ಸೋಕಿದೆ ಎಂಬ ಸುದ್ದಿಯಿತ್ತು. ಈ ಸಲ ಅಪ್ಪನ ಜೊತೆ ಸಂಘಮಿತ್ರಳೂ ಜಗನ್ನೂ ವ್ಯಾನಿನಲ್ಲಿ ಹೋದರು. ಗಂಗುಲಪ್ಪನವರು ಮೊದಲು ಮಂಗಿಯ ಕತೆ ಹೇಳಿದರು, ಆಮೇಲೆ ಸಿನಿಮಾ ತೋರಿಸಿದರು, ನಿಂಬೆಹಣ್ಣಿನ ಗುಟ್ಟನ್ನು ವೆಂಕಟರಾಯಪ್ಪನವರು ಕೊನೆಗೆ ಬಿಚ್ಚಿದರು. ಮುಗಿದ ಮೇಲೆ ಒಬ್ಬಳು ಹೆಂಗಸು ಹುಡುಗಿಯೊಬ್ಬಳನ್ನು ಕೈಹಿಡಿದು ಕರೆತಂದಳು. "ನಮ್ ಸೊಸೆ ಇವ್ಳು. ನಾಳೆ ಯಾರ್ನೋ ಕರ್ಸಣ ಅಂತಿದ್ವಿ. ಬ್ಯಾಡ ಸ್ವಾಮಿ, ದೊಡ್ಡಾಸ್ಪತ್ರೇಲಿ ಯಾರನ್ನ ಕಾಣ್ಬೇಕು ಅಂತ ಹೇಳ್ರಿ" ಎಂದಳು. ಮಾರನೆಯ ದಿನ ಆಸ್ಪತ್ರೆಗೆ ಅವರ ಜೊತೆಗೇ ಹೋಗಲು ಗಂಗುಲಪ್ಪನವರು ಒಪ್ಪಿಕೊಂಡರು.

ವಾಪಸು ಬರುವಾಗ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮುಂದಿನ ಸೀಟಿನಿಂದ ಪೂರ್ತಿ ಹಿಂದಕ್ಕೆ ತಿರುಗಿ ಜಗನ್ನನ್ನು ತರಾಟೆಗೆ ತೆಗೆದುಕೊಂಡರು.

"ಎರಡು ಸ್ಪೀಕರೂ ಮುಂದಿಟ್ರೆ ಏನೋ ಬಂತು? ಆ ಹೆಜ್ಜೆ ಸದ್ದು ಜನದ ಬೆನ್ ಹಿಂದಿಂದ ಬರ್ಬೇಕು ಕಣೋ. ಆಗ ನೋಡು!"

"ಅಪ್ಪಾ, ಜನ ಹೆದರ್ಕೊಂಡ್ಬಿಡ್ತಾರೆ" ಎಂದಳು ಸಂಘಮಿತ್ರ, ನಗು ತಡೆಯಲಾಗದೆ.

"ಹೆದರ್ಲಿ ಬಿಡಮ್ಮ, ಸ್ವಲ್ಪ ಹೊತ್ತು" ಎಂದರು ಗಂಗುಲಪ್ಪ ಮೇಷ್ಟ್ರು. "ಇಂಥಾದ್ದು ಇನ್ನೊಂದಿದ್ಯಾ ನಿನ್ ಫ್ರೆಂಡ್ ಹತ್ರ? ಫೋನ್ ಮಾಡು, ಈಗ್ಲೇ ಮಾಡು."