ಭಂಡಾರದ ಆಣೆ, ಜೀಪಿನ ಆಯಿಲ್

ಯಂಕಂಚಿಯ ಕುರಿಗಾರ ಮಾಳಿಂಗಪ್ಪ ಹಳೆಯದೊಂದು ಫೋರ್ ವ್ಹೀಲ್ ಜೀಪು ಕೊಂಡು ತಂದ. ಮಗಳು ರಾಜಶ್ರೀ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಳೆ ಹಿಡಿದರೆ ಅವರ ಹೊಲದ ಮನೆಯ ದಾರಿಯಲ್ಲಿ ಚಕ್ಕಡಿಯೂ ಎರೆಮಣ್ಣಿಗೆ ಹೂತುಹೋಗುತ್ತದೆ. ನಾಲ್ಕೂ ಗಾಲಿ ಎಳೆಯುವ ಗಾಡಿ ಇದ್ದರೆ ಸಿಂದಗಿ ದವಾಖಾನೆ ಮುಟ್ಟಬಹುದು ಎಂದು ಅವನು ಯೋಚಿಸಿದ್ದು ಸರಿಯೇ ಇತ್ತು.

ಆಯಿಲ್ ಎಲ್ಲಾ ಬದಲಿಸುವುದು ಯಾವಾಗ ಎಂದು ಹೆಂಡತಿ ರೇವವ್ವ ಗಾಡಿ ಮನೆಗೆ ಬಂದ ದಿನವೇ ಕೇಳಿದಳು. ಹಳೆ ಗಾಡಿ ಕೊಂಡವರು ಮೊದಲು ಮಾಡಬೇಕಾದ ಕೆಲಸ ಅದೇ ಎಂದು ಸಿಂದಗಿಯ ಮೇಸ್ತ್ರಿ ದಾವಲಮಲಿಕ ಅವಳ ತಮ್ಮನಿಗೆ ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು.

ಮಾಳಿಂಗಪ್ಪ ಒಪ್ಪಲಿಲ್ಲ. ಗಾಡಿ ಮಾರಿದ ಆಲಮೇಲದ ಧೂಳಪ್ಪ, ಆಯಿಲ್ ಹೊಸದು ಎಂದು ಭಂಡಾರ ಮುಟ್ಟಿ ಆಣೆ ಮಾಡಿದ್ದ. ದೇವರ ಅರಿಸಿನ ಮುಟ್ಟಿ ಆಡಿದ ಮಾತನ್ನು ಹಾಲುಮತದ ಮನೆಗಳಲ್ಲಿ ಯಾರೂ ಕೆದಕುವುದಿಲ್ಲ. ಈಗ ನಟ್ಟು ಬಿಚ್ಚಿದರೆ ದೇವರನ್ನೇ ಅನುಮಾನಿಸಿದಂತೆ ಎಂದು ಹಟ ಹಿಡಿದ.

ಹಟದಲ್ಲಿ ರೇವವ್ವ ಅವನಿಗಿಂತ ಒಂದು ಕೈ ಮೇಲು. ದೇವರ ಜಗುಲಿಯ ಮೇಲಿನ ಭಂಡಾರದ ಚೀಲ ತಂದು, ಗಂಡನ ಎದುರೇ ಅದರಲ್ಲಿ ಕೈ ಇಟ್ಟಳು.

"ನಾನೂ ಆಣಿ ಮಾಡ್ತೇನಿ. ಎಲ್ಲಾ ಆಯಿಲ್ ಬದಲಿ ಆಗೋತನಕ ನನ್ನ ಮಗಳು ಆ ಗಾಡಿ ಹತ್ತಂಗಿಲ್ಲ. ಕುರಿ ಕೊಳ್ಳಾಗ ಹಲ್ಲು, ಕಾಲು, ಕೆಚ್ಚಲು ಎಲ್ಲಾ ಹಿಡಿದು ನೋಡ್ತೀರಿ. ಹೊಟ್ಟಿಲೆ ಇರೋ ಮಗಳನ್ನ ಕೂಡ್ರಸೋ ಗಾಡಿ ನೋಡಾಕ ಏನು ಅಡ್ಡಿ?"

ಆಣೆಗೆ ಆಣೆ ಎದುರಾಯಿತು. ಮಾಳಿಂಗಪ್ಪ ಸಿಡುಕುತ್ತಲೇ ಹೋಗಿ ದಾವಲಮಲಿಕನನ್ನು ಕರೆತಂದ.

ಇಂಜಿನ್ ಆಯಿಲ್ ಹೊಸದೇ ಇತ್ತು. ಮಾಳಿಂಗಪ್ಪ ಮೀಸೆ ತಿರುವಿ ಹೆಂಡತಿಯತ್ತ ನೋಡಿದ. ಆಮೇಲೆ ಮೇಸ್ತ್ರಿ ಮುಂದಿನ ಗಾಲಿಗಳ ನಡುವಿನ ಗೇರ್ ಹೌಸಿಂಗ್ ಬಿಚ್ಚಿದ. ಮಜ್ಜಿಗೆಯಂಥ ಬೆಳ್ಳನೆಯ ಆಯಿಲ್ ಸುರಿಯಿತು. ಯಾವುದೋ ಹಳ್ಳ ದಾಟುವಾಗ ಒಳಗೆ ನೀರು ಹೊಕ್ಕಿತ್ತು. ಬ್ರೇಕ್ ಆಯಿಲ್ ಕಪ್ಪಾಗಿತ್ತು.

"ಧೂಳಪ್ಪ ಸುಳ್ಳು ಹೇಳಿಲ್ರಿ," ಎಂದ ದಾವಲಮಲಿಕ. "ಅಂವ ಆಯಿಲ್ ಅಂದದ್ದು ಇಂಜಿನ್ನಿಂದಷ್ಟ. ಉಳಿದದ್ದು ನೀವು ಕೇಳಿಲ್ಲ. ಈ ಆಯಿಲ್ ಇಟ್ಕೊಂಡು ಮಣ್ಣಾಗ ಜಗ್ಗಿದ್ರ ಗೇರಿನ ಹಲ್ಲು ಹೋಗ್ತಿದ್ವು. ಬ್ರೇಕ್ ಕಾದ ಮ್ಯಾಲ ಹಿಡೀತಿದ್ದಿಲ್ಲ."

ಮಾಳಿಂಗಪ್ಪನ ಮುಖ ಸಪ್ಪಗಾಯಿತು. ರೇವವ್ವ ಬಿಡಲಿಲ್ಲ.

"ದೇವರಿಗೆ ನಾ ಎದುರಾಡಿಲ್ಲ. ನಿಮ್ಮ ಆಲಸ್ಯಕ್ಕ ಎದುರಾಡೇನಿ."

ಇಂಜಿನ್, ಗೇರ್ ಬಾಕ್ಸ್, ನಾಲ್ಕೂ ಗಾಲಿಗೆ ಬಲ ಹಂಚುವ ಪೆಟ್ಟಿಗೆ, ಮುಂದಿನ ಹಿಂದಿನ ಹೌಸಿಂಗ್, ಸ್ಟೇರಿಂಗ್, ಕ್ಲಚ್, ಬ್ರೇಕ್, ರೇಡಿಯೇಟರ್, ಯಾವುದನ್ನೂ ಅವಳು ಬಿಡಗೊಡಲಿಲ್ಲ. ಎಲ್ಲಕ್ಕೂ ಒಂದೇ ಆಯಿಲ್ ನಡೆಯುವುದಿಲ್ಲ ಎಂದ ಮೇಸ್ತ್ರಿ, ಒಂದೊಂದಕ್ಕೂ ಅದರದೇ ನಂಬರಿನದನ್ನು ಹಾಕಿ, ರೇಡಿಯೇಟರಿಗೆ ಹೊಸ ನೀರು ತುಂಬಿದ. ನೀರು ಹೊಕ್ಕಿದ್ದ ಕಡೆ ಸೀಲ್ ಬದಲಿಸಿದ. ಹಳೆಯ ಆಯಿಲನ್ನು ಹಳ್ಳಕ್ಕೆ ಚೆಲ್ಲಲು ಹೊರಟ ಗಂಡನನ್ನು ರೇವವ್ವ ತಡೆದು, ಡಬ್ಬಿಗೆ ತುಂಬಿಸಿ ಗ್ಯಾರೇಜಿಗೆ ಕಳಿಸಿದಳು. ಅವರ ಕುರಿಗಳು ನೀರು ಕುಡಿಯುವುದು ಅದೇ ಹಳ್ಳದಲ್ಲಿ.

ರಾಜಶ್ರೀಗೆ ನೋವು ಬಂದಾಗ ಮಳೆ ಜೋರಾಗಿ ಹಿಡಿದಿತ್ತು. ಜೀಪು ಕೆಸರನ್ನು ಸೀಳಿಕೊಂಡು ಹೋಯಿತು. ಇಳಿಜಾರಿನಲ್ಲಿ ಬ್ರೇಕ್ ಗಟ್ಟಿಯಾಗಿ ಹಿಡಿಯಿತು. ಸಿಂದಗಿ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮಾಳಿಂಗಪ್ಪ ಕೂಸನ್ನು ಎತ್ತಿಕೊಂಡು ಹೆಂಡತಿಗೆ ಹೇಳಿದ: "ನಿನ್ನ ಮಾತು ಮೀರಿದ್ರ ಇವತ್ತು ನಡುದಾರ್ಯಾಗ ಕುಂತಿರ್ತಿದ್ವಿ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹಳೆ ಗಾಡಿ ಕೊಂಡಿದ್ದೀರಾ? ಮಾರಿದವನು ಎಷ್ಟೇ ಒಳ್ಳೆಯವನಿರಲಿ, ಬರೀ ಅವನ ಮಾತು ನಂಬಿ ಮನೆಮಂದಿಯನ್ನು ಕೂರಿಸಬೇಡಿ. ಎಲ್ಲ ಆಯಿಲ್, ರೇಡಿಯೇಟರ್ ನೀರು ಬದಲಿಸಿದ ಮೇಲೆಯೇ ಹತ್ತಿ. ಬದಲಿಸುವುದು ಬೇಡ ಎಂದು ಯಾರಾದರೂ ಹಟ ಹಿಡಿದರೆ ಗಾಡಿಯ ಮುಂದೆ ನಿಂತುಬಿಡಿ. ನೀವು ಸರಿಯದೆ ಅದು ಹೊರಡುವುದಿಲ್ಲ.